ಪಾವಗಡದ ಕರೆ ಹಲ್ಲಿಗೆ ಯಾವ ವಿನಿಯರ್ ಸರಿ?

ನಮ್ಮ ಪಾವಗಡ ಸೀಮೆಯಲ್ಲಿ ಬೋರ್‌ವೆಲ್ ನೀರು ಕುಡಿದು ಬೆಳೆದವರನ್ನು ಹಲ್ಲು ನೋಡಿಯೇ ಗುರುತು ಹಿಡಿಯಬಹುದು. ಕಂದು ಪಟ್ಟೆ, ನಡುನಡುವೆ ಸುಣ್ಣ ಬಳಿದಂಥ ಬಿಳಿ ಮಚ್ಚೆ. ಚಿಕ್ಕಂದಿನಲ್ಲಿ ಹಲ್ಲು ಇನ್ನೂ ಒಸಡಿನೊಳಗೆ ಬೆಳೆಯುತ್ತಿರುವಾಗಲೇ ನೀರಿನ ಅತಿಯಾದ ಫ್ಲೋರೈಡ್‌ನಿಂದ ಆಗುವ ಕರೆ ಇದು. ಯಾವ ಪೇಸ್ಟಿನಲ್ಲಿ ಉಜ್ಜಿದರೂ ಹೋಗುವುದಿಲ್ಲ. ನಾನು ಬೆಂಗಳೂರಿನ ಜಯನಗರದ ಒಂದು ಕ್ಲಿನಿಕ್‌ನಲ್ಲಿ ಮೇಲಿನ ಆರು ಹಲ್ಲಿಗೆ ವಿನಿಯರ್, ಅಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ, ಹಾಕಿಸಿಕೊಂಡಿದ್ದೇನೆ. ಊರಿನ ಕಡೆಯವರು ಸುಮಾರು ಜನ ಕೇಳ್ತಾ ಇದ್ದಾರೆ, ಅವರಿಗಾಗಿ ಇದು.

ಆ ಡಾಕ್ಟರ ಮೇಲೆ ನನಗೆ ನಂಬಿಕೆ ಬಂದಿದ್ದು ಅವರು ನನ್ನ ತಮ್ಮನಿಗೆ ವಿನಿಯರ್ ಬೇಡ ಅಂದಾಗ. ಅವನದು ತೆಳು ಕರೆ. ಮೇಲ್ಪದರವನ್ನು ಆಸಿಡ್ ಬೆರೆತ ಪೇಸ್ಟಿನಲ್ಲಿ ತೆಳ್ಳಗೆ ಉಜ್ಜಿ, ಆಮೇಲೆ ಬ್ಲೀಚ್ ಮಾಡಿದರು. ಅಷ್ಟೇ ಸಾಕಾಯಿತು. ಗಟ್ಟಿಮುಟ್ಟಾದ ಹಲ್ಲನ್ನು ಸುಮ್ನೆ ಯಾಕೆ ತೇಯಬೇಕು ಅಲ್ವಾ?

ನನ್ನದು ಗಾಢ ಕಂದು. ಮೊದಲು ಕಾಂಪೋಸಿಟ್ (ಹಲ್ಲಿನ ಬಣ್ಣದ ರಾಳ) ಕೇಳಿದೆ, ಹಲ್ಲಿಗೆ 4,500 ರೂಪಾಯಿ. ಹಲ್ಲಿನ ಮೇಲೇ ಮೆತ್ತಿ, ನೀಲಿ ಲೈಟು ಬಿಟ್ಟು ಗಟ್ಟಿ ಮಾಡುತ್ತಾರೆ, ಸಾಮಾನ್ಯವಾಗಿ ಒಂದೇ ಭೇಟಿಗೆ ಮುಗಿಯುತ್ತದೆ. ಚಕ್ಕೆ ಎದ್ದರೆ ಅಲ್ಲಿಗಷ್ಟೇ ತೇಪೆ ಹಾಕಬಹುದು. ಆದರೆ ಕಾಫಿ, ಅರಿಶಿನದ ಬಣ್ಣ ಹಿಡಿಯುತ್ತದೆ. ಐದರಿಂದ ಏಳು ವರ್ಷಕ್ಕೆ ಬದಲಾಯಿಸಬೇಕಾಗಬಹುದು. ತೆಳ್ಳಗೆ ಹಾಕಿದರೆ ನನ್ನ ಕಂದು ಪಟ್ಟೆ ಹೊರಗೆ ಕಾಣುತ್ತದೆ, ದಪ್ಪ ಹಾಕಿದರೆ ಹಲ್ಲು ಉಬ್ಬಿಕೊಳ್ಳುತ್ತದೆ. 'ಹಲ್ಲು ತೇಯುವುದೇ ಬೇಡ' ಎಂದು ಜಾಹೀರಾತು ಕೊಡುವ ತೀರಾ ತೆಳು ವಿನಿಯರ್‌ಗೂ ಇದೇ ತೊಂದರೆ. ಜಿರ್ಕೋನಿಯಾ ಅನ್ನುವ ಇನ್ನೊಂದು ವಸ್ತು ಬಲು ಗಟ್ಟಿ, ಆದರೆ ಪಿಂಗಾಣಿಯಷ್ಟು ಸುಲಭಕ್ಕೆ ಹಲ್ಲಿಗೆ ಅಂಟುವುದಿಲ್ಲ.

ಕೊನೆಗೆ ಆರಿಸಿಕೊಂಡಿದ್ದು ಇ-ಮ್ಯಾಕ್ಸ್, ಲಿಥಿಯಂ ಡೈಸಿಲಿಕೇಟ್ ಎಂಬ ಗಟ್ಟಿ ಪಿಂಗಾಣಿ. ಹಲ್ಲಿಗೆ 13,000. ಕಾಫಿ ಕರೆ ಹಿಡಿಯುವುದಿಲ್ಲ, ಚೆನ್ನಾಗಿ ನೋಡಿಕೊಂಡರೆ ಹತ್ತು ಹದಿನೈದು ವರ್ಷ ಬರುತ್ತದೆ. ಇದರಲ್ಲಿ ಬೆಳಕು ಜಾಸ್ತಿ ಹಾಯುವುದು, ಕಡಿಮೆ ಹಾಯುವುದು ಅಂತ ಬೇರೆ ಬೇರೆ ಬಗೆ ಇವೆ. ಕರೆ ಗಾಢವಾಗಿದ್ದರೆ ಕಡಿಮೆ ಹಾಯುವುದೇ ಬೇಕು. ಲ್ಯಾಬಿಗೆ ಯಾವುದನ್ನು ಬರೆದು ಕಳಿಸುತ್ತಾರೆಂದು ಬಾಯಿಬಿಟ್ಟು ಕೇಳಿ.

ಎಲ್ಲಕ್ಕಿಂತ ನನಗೆ ಇಷ್ಟವಾಗಿದ್ದು ಮಾಕ್-ಅಪ್. ತೇಯುವ ಮೊದಲೇ, ಹೊಸ ಹಲ್ಲಿನ ಆಕಾರವನ್ನು ಅಚ್ಚಿನಿಂದ ನನ್ನ ಹಲ್ಲಿನ ಮೇಲೆ ಕೂರಿಸಿ ಕನ್ನಡಿ ಕೊಟ್ಟರು. ಆಮೇಲೆ ಮಾತಾಡಲು ಹೇಳಿದರು. 'ವಿಮಾನ', 'ಫೋನ್' ಅನ್ನುವಾಗ ಮುಂದಿನ ಎರಡು ಹಲ್ಲಿನ ತುದಿ ಕೆಳತುಟಿಗೆ ಒತ್ತುತ್ತಿತ್ತು. ತುಸು ಗಿಡ್ಡ ಮಾಡಿ ಮತ್ತೆ ಹೇಳಿಸಿದರು, ಸರಿಹೋಯಿತು. ದಿನವಿಡೀ ಮಕ್ಕಳಿಗೆ ಪಾಠ ಮಾಡುವ ನನಗೆ ಇದು ಬಣ್ಣಕ್ಕಿಂತ ದೊಡ್ಡ ವಿಷಯ. ಬಣ್ಣ ಆರಿಸುವಾಗಲೂ ಲಿಪ್‌ಸ್ಟಿಕ್ ಒರೆಸಿ, ಕಿಟಕಿ ಪಕ್ಕ ನಿಲ್ಲಿಸಿ ಶೇಡ್ ಪಟ್ಟಿ ಹಿಡಿದರು. ಅಸಿಸ್ಟೆಂಟ್ ತೀರಾ ಬಿಳಿಯದನ್ನು ತೋರಿಸಿದರು, ನಾನು ಕೆಳಗಿನ ಹಲ್ಲಿಗೆ ಹೊಂದುವ ಎ1 ಎಂಬ ಶೇಡ್ ಸಾಕು ಎಂದೆ.

ತೇದಿದ್ದು ಸುಮಾರು ಅರ್ಧ ಮಿಲಿಮೀಟರ್. ನೋವಾಗಲಿಲ್ಲ. ಆದರೆ ತೇದ ಎನಾಮಲ್ (ಹಲ್ಲಿನ ಗಟ್ಟಿ ಮೇಲ್ಪದರ) ಮತ್ತೆ ಬೆಳೆಯುವುದಿಲ್ಲ, ಮುಂದೆ ಈ ಹಲ್ಲುಗಳಿಗೆ ಯಾವಾಗಲೂ ಒಂದು ಹೊದಿಕೆ ಬೇಕೇ ಬೇಕು. ಒಪ್ಪಿಕೊಳ್ಳುವ ಮೊದಲು ಇದನ್ನು ಮನಸ್ಸಿಗೆ ತಂದುಕೊಳ್ಳಿ. ವಿನಿಯರ್ ಚೆನ್ನಾಗಿ ಅಂಟಲೆಂದು ಮೊದಲು ಹಲ್ಲಿಗೆ ಆಸಿಡ್ ಹಚ್ಚುತ್ತಾರೆ; ಫ್ಲೋರೈಡ್ ಕರೆಯ ಹಲ್ಲಿನ ಮೇಲ್ಪದರಕ್ಕೆ ಅದು ಬೇಗ ಹತ್ತುವುದಿಲ್ಲ, ಹಾಗಾಗಿ ಅದನ್ನು ಹೆಚ್ಚು ಹೊತ್ತು ಬಿಟ್ಟರು. ನಿಮ್ಮ ಡಾಕ್ಟರ್ ಇಂಥ ಹಲ್ಲಿಗೆ ಮೊದಲೂ ವಿನಿಯರ್ ಮಾಡಿದ್ದಾರಾ, ಕೇಳಲೇಬೇಕು.

ಬೇಸರವಾಗಿದ್ದು ರಿಸೆಪ್ಷನ್ ಬಗ್ಗೆ. ಲ್ಯಾಬಿನಿಂದ ಪಿಂಗಾಣಿ ಬರುವವರೆಗೆ ಹಾಕಿದ್ದ ತಾತ್ಕಾಲಿಕ ವಿನಿಯರ್ ಒಂದು ಭಾನುವಾರ ಕಳಚಿ ಬಂತು, ಫೋನ್ ಎತ್ತುವವರೇ ಇರಲಿಲ್ಲ. ರಾತ್ರಿ ಹಲ್ಲು ಕಡಿಯುವವರು ಹಲ್ಲಿನ ರಕ್ಷಣೆಗೆ ಹಾಕಿಕೊಳ್ಳುವ ಗಾರ್ಡಿನ ದುಡ್ಡು ಬೇರೆ ಎಂದು ತಿಳಿದದ್ದು ಬಿಲ್ ಬಂದಾಗಲೇ. ಡಾಕ್ಟರ ಕೆಲಸಕ್ಕೆ ಐದಕ್ಕೆ ಐದು, ರಿಸೆಪ್ಷನ್‌ಗೆ ಎರಡು. ಬಿಲ್‌ನಲ್ಲಿ ಏನೇನು ಸೇರಿದೆ ಎಂದು ಮೊದಲೇ ಬರೆಸಿಕೊಳ್ಳಿ.