ಐದು ರಾತ್ರಿಯ ಕ್ರೂಸ್, ಐದು ಜನರ ಹೊಟ್ಟೆ: ವಾಕರಿಕೆಯ ಮದ್ದುಗಳ ವಿಮರ್ಶೆ

ಕಾರಿನ ಹಿಂದಿನ ಸೀಟಿನಲ್ಲಿ ಅರ್ಧ ಗಂಟೆ ಕೂತರೆ ಸಾಕು, ಮುಖ ಬಿಳಿಚಿಕೊಂಡು ಕಿಟಕಿ ಇಳಿಸಿ ಎಂದು ಗೋಗರೆಯುವ ಇಬ್ಬರು ಮಕ್ಕಳು ನಮ್ಮ ಮನೆಯಲ್ಲಿದ್ದಾರೆ. ಹಾಗಾಗಿ ಐದು ರಾತ್ರಿಗಳ ಕ್ರೂಸ್‌ಗೆ ಹೋಗುವುದೆಂದು ತೀರ್ಮಾನವಾದ ದಿನವೇ ನಾನು ಹಡಗಿನ ವಾಕರಿಕೆಗೆಂದು ಸಿಗುವ ಮದ್ದುಗಳನ್ನೂ ಸಾಧನಗಳನ್ನೂ ಪಟ್ಟಿ ಮಾಡತೊಡಗಿದೆ. ಹೊರಡುವ ಎರಡು ವಾರ ಮೊದಲು ವೈದ್ಯರನ್ನು ಕಂಡು, ಅವರು ಬೇಡವೆಂದದ್ದನ್ನು ಬಿಟ್ಟು, ಉಳಿದದ್ದನ್ನೆಲ್ಲ ಒಂದು ಜಿಪ್ ಚೀಲದಲ್ಲಿ ತುಂಬಿಕೊಂಡೆವು: ಕಿವಿಯ ಹಿಂದೆ ಅಂಟಿಸುವ ಪ್ಯಾಚ್, ಎರಡು ಬಗೆಯ ಮಾತ್ರೆ, ಮಣಿಕಟ್ಟಿನ ಪಟ್ಟಿ, ಶುಂಠಿಯ ಚಪ್ಪರಿಸುವ ಗುಳಿಗೆ ಮತ್ತು ಚೌಕಟ್ಟಿನಲ್ಲಿ ನೀಲಿ ದ್ರವ ತುಂಬಿದ ಒಂದು ವಿಚಿತ್ರ ಕನ್ನಡಕ. ಪ್ರವಾಸಕ್ಕೆ ಹೊರಟವರು ನಾನು, ನಮ್ಮ ಯಜಮಾನರು, ಎಪ್ಪತ್ತು ದಾಟಿದ ಅತ್ತೆ, 13 ವರ್ಷದ ಮಗಳು ಮತ್ತು 7 ವರ್ಷದ ಮಗ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಯಾವ ಮದ್ದು ಎನ್ನುವುದಕ್ಕಿಂತ, ಅದನ್ನು ಎಷ್ಟು ಹೊತ್ತಿಗೆ ತೆಗೆದುಕೊಂಡೆವು ಮತ್ತು ಹಡಗಿನ ಯಾವ ಮೂಲೆಯಲ್ಲಿ ಮಲಗಿದೆವು ಎನ್ನುವುದೇ ನಮ್ಮ ರಾತ್ರಿಗಳನ್ನು ನಿರ್ಧರಿಸಿತು.

ಮಲಗುವ ಜಾಗದಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಾವು ಎಡವಿದ್ದು ಅಲ್ಲಿ. ಟಿಕೆಟ್ ಕಾದಿರಿಸಿಕೊಟ್ಟ ಏಜೆಂಟರು, ಇಷ್ಟು ದೊಡ್ಡ ಹಡಗಿನಲ್ಲಿ ಅಲೆ ಇರುವುದೇ ಗೊತ್ತಾಗುವುದಿಲ್ಲ, ಸುಮ್ಮನೆ ನೋಟ ಚೆನ್ನಾಗಿರುವ ಕ್ಯಾಬಿನ್ ತೆಗೆದುಕೊಳ್ಳಿ ಎಂದರು. ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತು. ದೊಡ್ಡ ಹಡಗುಗಳ ಎರಡು ಪಕ್ಕಗಳಲ್ಲಿ, ನೀರಿನ ಮಟ್ಟದ ಕೆಳಗೆ, ಮೀನಿನ ರೆಕ್ಕೆಯಂತಹ ಸ್ಟೆಬಿಲೈಜರ್‌ಗಳಿರುತ್ತವೆ. ಹಡಗು ಸಾಗುತ್ತಿರುವಾಗ ಅವು ಎಡಬಲದ ಹೊಯ್ದಾಟವನ್ನು ಬಹಳಮಟ್ಟಿಗೆ ತಗ್ಗಿಸುತ್ತವೆ. ಆದರೆ ಎದುರಿನಿಂದ ಅಲೆ ಬಂದಾಗ ಹಡಗಿನ ಮೂತಿ ಮೇಲೆದ್ದು ಕೆಳಗಿಳಿಯುವುದನ್ನು ಅವು ತಡೆಯಲಾರವು. ಮಕ್ಕಳು ಆಡುವ ಸೀಸಾ ಹಲಗೆಯಲ್ಲಿ ನಡುವೆ ಕೂತವರು ಹೆಚ್ಚು ಕದಲದೆ, ತುದಿಯಲ್ಲಿ ಕೂತವರೇ ಏರಿಳಿಯುತ್ತಾರಲ್ಲವೇ, ಹಡಗಿನಲ್ಲಿಯೂ ಹಾಗೆಯೇ. ನಡುಭಾಗದ ಕೆಳ ಡೆಕ್‌ಗಳಲ್ಲಿ ಚಲನೆ ಕಡಿಮೆ. ಮುಂದಕ್ಕೆ ಹೋದಷ್ಟೂ, ಮೇಲಕ್ಕೆ ಹೋದಷ್ಟೂ ಹೆಚ್ಚು. ನಾವು ಹೆಚ್ಚು ಹಣ ಕೊಟ್ಟು ಪಡೆದ ಬಾಲ್ಕನಿಯ ಕ್ಯಾಬಿನ್ ಮೇಲಿನಿಂದ ಮೂರನೆಯ ಡೆಕ್ಕಿನಲ್ಲಿ, ಮೂತಿಗೆ ಹತ್ತಿರದಲ್ಲಿತ್ತು. ಎರಡನೆಯ ಕ್ಯಾಬಿನ್ ಅಗ್ಗದ್ದು, ಕೆಳಗಿನ ಡೆಕ್ಕಿನಲ್ಲಿ, ಸರಿಯಾಗಿ ನಡುವೆ, ಒಂದು ದುಂಡು ಕಿಟಕಿಯೊಂದಿಗೆ. ಅದರಲ್ಲಿ ನಾನು ಮತ್ತು ಮಗ ಮಲಗಿದೆವು. ಉಳಿದ ಮೂವರಿಗೆ ಬಾಲ್ಕನಿ.

ಮೊದಲ ರಾತ್ರಿ ಸಮುದ್ರ ತಣ್ಣಗಿತ್ತು. ಎರಡನೆಯ ರಾತ್ರಿ ಊಟ ಮುಗಿಸಿ ಮಗಳನ್ನು ನೋಡಿಬರಲೆಂದು ಮೇಲಿನ ಕ್ಯಾಬಿನ್‌ಗೆ ಹೋದಾಗ ಬಟ್ಟೆಯ ಕಪಾಟಿನೊಳಗಿಂದ ಖಾಲಿ ಹ್ಯಾಂಗರ್‌ಗಳು ಒಂದಕ್ಕೊಂದು ಬಡಿದುಕೊಳ್ಳುವ ಸದ್ದು ಬರುತ್ತಿತ್ತು. ಬಾಲ್ಕನಿಯ ಪರದೆ ಗೋಡೆಯಿಂದ ತಾನಾಗಿ ದೂರ ಸರಿದು, ಕ್ಷಣಕಾಲ ನಿಂತು, ಮತ್ತೆ ಗೋಡೆಗೆ ಬಂದು ಅಂಟಿಕೊಳ್ಳುತ್ತಿತ್ತು. ಗಡಿಯಾರ ಹಿಡಿದು ಎಣಿಸಿದೆ: ಒಂದು ಸುತ್ತಿಗೆ ಸುಮಾರು ಆರು ಸೆಕೆಂಡು. ಸೆಕೆಂಡಿಗೆ ಸುಮಾರು 0.2 ಸುತ್ತಿನ ವೇಗದ, ಅಂದರೆ ಐದು ಸೆಕೆಂಡಿಗೊಮ್ಮೆ ಮರುಕಳಿಸುವ ನಿಧಾನದ ಏರಿಳಿತವೇ ಮನುಷ್ಯನ ಹೊಟ್ಟೆಯನ್ನು ಅತಿ ಹೆಚ್ಚು ತೊಳಸುತ್ತದೆ ಎಂದು ಓದಿದ್ದೆನಾದ್ದರಿಂದ, ಆ ಪರದೆಯನ್ನು ನೋಡುತ್ತಿದ್ದಂತೆ ನನಗೆ ಮುಂದೇನಾಗುವುದೆಂದು ತಿಳಿದುಹೋಯಿತು. ಅದೇ ಹೊತ್ತಿಗೆ ಕೆಳಗಿನ ಕ್ಯಾಬಿನ್‌ನಲ್ಲಿ, ಮಗನ ಹಾಸಿಗೆಯ ಪಕ್ಕದ ಲೋಟದಲ್ಲಿದ್ದ ನೀರು ಅಂಚಿನಲ್ಲಿ ತುಸು ಓಲಾಡುತ್ತಿತ್ತು, ಅಷ್ಟೇ.

ವಾಕರಿಕೆಗೆ ಕಾರಣ ಹೊಟ್ಟೆಯಲ್ಲಿಲ್ಲ, ಕಿವಿಯೊಳಗಿದೆ. ಒಳಗಿವಿಯ ಸಮತೋಲನದ ಅಂಗವು ದೇಹ ಏರಿಳಿಯುತ್ತಿದೆ ಎಂದು ಹೇಳುವಾಗ, ಹಡಗಿನ ಜೊತೆಗೇ ಚಲಿಸುವ ಕೋಣೆಯ ಗೋಡೆಗಳನ್ನು ಕಾಣುವ ಕಣ್ಣು ಏನೂ ಕದಲುತ್ತಿಲ್ಲ ಎನ್ನುತ್ತದೆ, ಮತ್ತು ಈ ಎರಡು ಸಾಕ್ಷಿಗಳ ನಡುವಿನ ವಿರೋಧವೇ ಮಿದುಳನ್ನು ಗೊಂದಲಕ್ಕೆ ದೂಡುತ್ತದೆ. ದಿಗಂತವನ್ನು ನೋಡು ಎಂದು ಹಿರಿಯರು ಹೇಳುವುದು ಇದಕ್ಕೇ; ಆಗ ಕಣ್ಣೂ ಕಿವಿಯ ಪರವಾಗಿ ಸಾಕ್ಷಿ ನುಡಿಯುತ್ತದೆ.

ಈಗ ಪ್ಯಾಚ್. ಸ್ಕೊಪೊಲಮೀನ್ ಎಂಬ ಔಷಧವನ್ನು ಚರ್ಮದ ಮೂಲಕ ಮೂರು ದಿನಗಳ ಕಾಲ ನಿಧಾನವಾಗಿ ಒಳಗೆ ಬಿಡುವ, ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ದುಂಡು ತುಣುಕು ಅದು. ವೈದ್ಯರ ಚೀಟಿಯಿಲ್ಲದೆ ಕೊಳ್ಳುವ ವಸ್ತುವಲ್ಲ. ಹಡಗು ಹೊರಡುವುದಕ್ಕೆ ಕನಿಷ್ಠ 4 ಗಂಟೆ ಮೊದಲು, ಕಿವಿಯ ಹಿಂದಿನ ಕೂದಲಿಲ್ಲದ ಒಣ ಚರ್ಮದ ಮೇಲೆ ಅಂಟಿಸಬೇಕು. ನಮ್ಮ ಯಜಮಾನರು ಬೆಳಿಗ್ಗೆಯೇ ಅಂಟಿಸಿಕೊಂಡರು, ಮತ್ತು ನ್ಯಾಯವಾಗಿ ಹೇಳಬೇಕೆಂದರೆ ಎರಡನೆಯ ರಾತ್ರಿಯ ಆ ಮೂತಿ ಕ್ಯಾಬಿನ್‌ನಲ್ಲಿಯೂ ಅವರು ನಿಶ್ಚಿಂತೆಯಿಂದ ಕೂತಿದ್ದರು. ಬಾಯಿ ಮಾತ್ರ ಹತ್ತಿ ತುರುಕಿದಷ್ಟು ಒಣಗಿತ್ತು. ನೀರಿನ ಬಾಟಲಿ ಕೈಬಿಡಲಿಲ್ಲ. ಹತ್ತಿರದ ಅಕ್ಷರಗಳು ಮಸುಕಾಗಿ, ಊಟದ ಪಟ್ಟಿಯನ್ನು ಮಗಳಿಂದ ಓದಿಸಿಕೊಳ್ಳಬೇಕಾಯಿತು.

ನಮ್ಮನ್ನು ನಿಜವಾಗಿ ಹೆದರಿಸಿದ ಪ್ರಸಂಗ ನಾಲ್ಕನೆಯ ದಿನದ್ದು. ಮೂರು ದಿನ ಮುಗಿದಿದ್ದರಿಂದ ಹಳೆಯ ಪ್ಯಾಚ್ ಕಿತ್ತು, ಹೊಸದನ್ನು ಇನ್ನೊಂದು ಕಿವಿಯ ಹಿಂದೆ ಅಂಟಿಸಿಕೊಂಡು, ಕೈ ತೊಳೆಯದೆ ಕಣ್ಣು ಉಜ್ಜಿಕೊಂಡಿದ್ದಾರೆ. ಸ್ವಲ್ಪ ಹೊತ್ತಿನ ಬಳಿಕ ಕನ್ನಡಿಯ ಮುಂದೆ ನಿಂತು ನನ್ನನ್ನು ಕರೆದರು. ಎಡಗಣ್ಣಿನ ಪಾಪೆ ಬಲಗಣ್ಣಿನದರ ಎರಡರಷ್ಟು ದೊಡ್ಡದಾಗಿ, ಕಂದು ವರ್ತುಲ ದಾರದಷ್ಟು ತೆಳ್ಳಗೆ ಉಳಿದಿತ್ತು. ಒಂದೇ ಕಣ್ಣಿನ ಪಾಪೆ ಹಿಗ್ಗುವುದು ಮಿದುಳಿನ ಗಂಭೀರ ತೊಂದರೆಯ ಲಕ್ಷಣವೂ ಆಗಿರಬಹುದಾದ್ದರಿಂದ ನಾವು ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಹಡಗಿನ ವೈದ್ಯರ ಬಳಿಗೆ ಓಡಿದೆವು. ಅವರು ಕಣ್ಣನ್ನು ನೋಡುವ ಮೊದಲೇ ಕಿವಿಯ ಹಿಂದೆ ನೋಡಿದರು! ಬೆರಳಿಗಂಟಿದ ಔಷಧ ಕಣ್ಣಿಗೆ ತಾಗಿದರೆ ಹೀಗಾಗುತ್ತದೆ, ತಾನಾಗಿ ಇಳಿಯುತ್ತದೆ ಎಂದರು. ಮರುದಿನ ಸಂಜೆಗೆ ಇಳಿಯಿತು. ಪ್ಯಾಚ್ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕೆಂಬ ಸೂಚನೆ ಡಬ್ಬದೊಳಗಿನ ಕಾಗದದಲ್ಲಿತ್ತು. ಅದನ್ನು ಓದಬೇಕಿದ್ದವರಿಗೆ ಆ ದಿನಗಳಲ್ಲಿ ಸಣ್ಣಕ್ಷರ ಕಾಣುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಪ್ಯಾಚ್ ಎಲ್ಲರಿಗೂ ಒಗ್ಗುವುದಿಲ್ಲ. ಕಿರಿದಾದ ಕೋನದ ಗ್ಲಾಕೋಮಾ ಎಂಬ ಕಣ್ಣಿನೊತ್ತಡದ ಕಾಯಿಲೆ ಇರುವವರಿಗೆ ಅದು ಅಪಾಯಕಾರಿ. ಮೂತ್ರ ಕಟ್ಟುವ ತೊಂದರೆಯಿರುವವರೂ ದೂರವಿರಬೇಕು. ವಯಸ್ಸಾದವರಲ್ಲಿ ಗಲಿಬಿಲಿ ಉಂಟುಮಾಡಬಹುದು. ಅತ್ತೆಗೆ ಬೇಡವೆಂದು ವೈದ್ಯರು ಹೇಳಿದ್ದು ಇದೇ ಕಾರಣಕ್ಕೆ. ಮಕ್ಕಳಿಗೆ ಅದನ್ನು ಹಾಕಬಾರದು. ಅರ್ಧ ಕತ್ತರಿಸಿ ಮಕ್ಕಳಿಗೆ ಅಂಟಿಸಿದರಾಯಿತು ಎಂದು ಹಡಗಿನಲ್ಲೇ ಪರಿಚಯವಾದ ಒಬ್ಬರು ನನಗೆ ಸಲಹೆ ಕೊಟ್ಟರು. ಕತ್ತರಿಸಿದರೆ ಔಷಧ ಒಳಗಿಳಿಯುವ ಲೆಕ್ಕವೇ ತಪ್ಪುತ್ತದೆಂದು ಅವರಿಗೆ ಹೇಳಿದೆ, ಅವರು ನಂಬಿದಂತೆ ಕಾಣಲಿಲ್ಲ.

ಮಾತ್ರೆಗಳ ಬಗ್ಗೆ ನನಗೆ ಹೆಚ್ಚು ಒಲವು. ನಾನು ತೆಗೆದುಕೊಂಡದ್ದು ಮೆಕ್ಲಿಜಿನ್: 25 ಮಿಲಿಗ್ರಾಂನ ಒಂದು ಮಾತ್ರೆ, ದಿನಕ್ಕೊಮ್ಮೆ, ಪ್ರಯಾಣಕ್ಕೆ ಒಂದು ಗಂಟೆ ಮೊದಲು. ತುಸು ಮಂಪರು ಬಂದಿತು, ಆದ್ದರಿಂದ ಎರಡನೆಯ ದಿನದಿಂದ ಮಲಗುವ ಹೊತ್ತಿಗೆ ನುಂಗತೊಡಗಿದೆ. ಐದು ದಿನದಲ್ಲಿ ಒಮ್ಮೆಯೂ ಹೊಟ್ಟೆ ತೊಳಸಲಿಲ್ಲ. ಆದರೆ ನಾನು ಒಳ್ಳೆಯ ಜಾಗದಲ್ಲಿ ಮಲಗಿದ್ದೆನಾದ್ದರಿಂದ ಪೂರ್ತಿ ಶ್ರೇಯಸ್ಸನ್ನು ಮಾತ್ರೆಗೆ ಕೊಡಲಾರೆ. ಇದು 12 ವರ್ಷದೊಳಗಿನವರಿಗೆ ಅಲ್ಲ. ಮಗನಿಗೆ ವೈದ್ಯರು ಬರೆದದ್ದು ಡೈಮೆನ್‌ಹೈಡ್ರಿನೇಟ್, ಅವನ ವಯಸ್ಸಿಗೆ ತಕ್ಕ ಅಳತೆಯಲ್ಲಿ. ಈ ಔಷಧದ ಹುಟ್ಟಿನ ಕತೆ ಸ್ವಾರಸ್ಯಕರವಾದದ್ದು. 1947ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮೈಮೇಲಿನ ದದ್ದುಗಳಿಗೆಂದು ಇದನ್ನು ಪಡೆದ ಮಹಿಳೆಯೊಬ್ಬರು, ಟ್ರಾಮ್ ಹತ್ತಿದರೆ ಆಗುತ್ತಿದ್ದ ವಾಕರಿಕೆಯೂ ನಿಂತುಹೋಯಿತೆಂದು ಹೇಳಿದ್ದರಿಂದ ವೈದ್ಯರ ಗಮನ ಅತ್ತ ಹರಿಯಿತು. ಆಮೇಲೆ ಅಟ್ಲಾಂಟಿಕ್ ದಾಟುತ್ತಿದ್ದ ಸೈನಿಕರ ಹಡಗಿನಲ್ಲಿ ಇದರ ಪರೀಕ್ಷೆ ನಡೆಯಿತು.

ಮಗನಿಗೆ ಇದನ್ನು ಹಡಗಿನಲ್ಲಿ ಮೊದಲ ಬಾರಿ ಕೊಡಲಿಲ್ಲ ಎನ್ನುವುದು ನಾವು ಮಾಡಿದ ಕೆಲವೇ ಜಾಣತನಗಳಲ್ಲಿ ಒಂದು. ಕೆಲವು ಮಕ್ಕಳಿಗೆ ಈ ಔಷಧದಿಂದ ನಿದ್ದೆಯ ಬದಲು ವಿಪರೀತ ಚಡಪಡಿಕೆ ಬರುತ್ತದೆಂದು ವೈದ್ಯರು ಎಚ್ಚರಿಸಿದ್ದರಿಂದ, ಒಂದು ರಜಾದಿನ ಮನೆಯಲ್ಲೇ ಕೊಟ್ಟು ನೋಡಿದ್ದೆವು. ಅವನು ಎರಡು ತಾಸು ನಿದ್ದೆ ಹೊಡೆದ, ನಮಗೆ ಧೈರ್ಯ ಬಂತು. ಹಡಗಿನಲ್ಲಿ ಅಲೆಯ ಮುನ್ಸೂಚನೆ ನೋಡಿ, ಸಂಜೆಯ ಊಟಕ್ಕೆ ಮುಂಚೆ ಕೊಟ್ಟೆ. ಎರಡನೆಯ ರಾತ್ರಿ ಅವನಿಗೆ ಏನೂ ಆಗಲಿಲ್ಲ.

ಆದದ್ದೆಲ್ಲ ಮಗಳಿಗೆ. ಮಾತ್ರೆ ನುಂಗಿದರೆ ಈಜುಕೊಳದ ಪಾರ್ಟಿಯಲ್ಲಿ ನಿದ್ದೆ ಬರುತ್ತದೆಂದು ಹಟ ಹಿಡಿದ ಅವಳು ಮಣಿಕಟ್ಟಿನ ಪಟ್ಟಿಯನ್ನೇ ನೆಚ್ಚಿಕೊಂಡಳು. ಬಟ್ಟೆಯ ಬಳೆಯಂತಹ ಈ ಪಟ್ಟಿಯೊಳಗೆ ಒಂದು ಪ್ಲಾಸ್ಟಿಕ್ ಗುಬುಟು ಇರುತ್ತದೆ. ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ಮೂರು ಬೆರಳಗಲ ದೂರದಲ್ಲಿ, ಎರಡು ಸ್ನಾಯುರಜ್ಜುಗಳ ನಡುವೆ ಅದು ಒತ್ತುವಂತೆ ಧರಿಸಬೇಕು. ಚೀನೀ ಅಕ್ಯುಪ್ರೆಶರ್‌ನಲ್ಲಿ ಆ ಬಿಂದುವಿಗೆ ವಾಕರಿಕೆ ತಡೆಯುವ ಶಕ್ತಿಯಿದೆಯೆಂಬ ನಂಬಿಕೆಯಿದೆ, ಆದರೆ ಪ್ರಯಾಣದ ವಾಕರಿಕೆಯ ಮೇಲೆ ನಡೆದ ಪರೀಕ್ಷೆಗಳ ಫಲಿತಾಂಶ ಒಂದೇ ತೆರನಾಗಿಲ್ಲ. ಅಡ್ಡಪರಿಣಾಮವಿಲ್ಲ, ಅಗ್ಗ, ಮತ್ತೆ ಮತ್ತೆ ಬಳಸಬಹುದು ಎಂಬುದಷ್ಟನ್ನು ನಾನು ಒಪ್ಪುತ್ತೇನೆ. ಎದುರಲೆಯ ರಾತ್ರಿ, ಮೂತಿಯ ಕ್ಯಾಬಿನ್‌ನಲ್ಲಿ, ಹೊದಿಕೆಯೊಳಗೆ ಫೋನ್ ನೋಡುತ್ತಾ ಮಲಗಿದ್ದ ಹುಡುಗಿಯನ್ನು ಅದು ಕಾಪಾಡಲಿಲ್ಲ. ಮೊದಲು ಆಕಳಿಕೆ ಬಂತು, ಮೇಲ್ತುಟಿಯ ಮೇಲೆ ಬೆವರು ಮೂಡಿತು, ಆಮೇಲೆ ಬಾಯಿ ತುಂಬ ಜೊಲ್ಲು. ಇಷ್ಟಾದ ಮೇಲೆ ಮಾತ್ರೆ ಕೊಟ್ಟೆವು. ಹತ್ತು ನಿಮಿಷದಲ್ಲಿ ಅದು ಹೊರಗೆ ಬಂದಿತು. ಹೊಟ್ಟೆ ತೊಳಸಲು ಶುರುವಾದ ಮೇಲೆ ಜಠರವೇ ಕೆಲಸ ನಿಧಾನಿಸುವುದರಿಂದ ನುಂಗಿದ ಮಾತ್ರೆ ರಕ್ತಕ್ಕೆ ಸೇರುವುದೇ ಕಷ್ಟ.

ಶುಂಠಿಯ ಗುಳಿಗೆ ಬಾಯಿಗೆ ಹಿತ, ಕೆಲವರಿಗೆ ಗುಣ ಕೊಡುತ್ತದೆ, ಒಂಟಿಯಾಗಿ ನೆಚ್ಚಲಾರೆ. ನೀಲಿ ದ್ರವದ ಕನ್ನಡಕಕ್ಕೆ ಗಾಜಿಲ್ಲ. ಚೌಕಟ್ಟಿನ ಕೊಳವೆಗಳಲ್ಲಿ ಅರ್ಧ ತುಂಬಿದ ದ್ರವ ಸದಾ ಮಟ್ಟವಾಗಿ ನಿಲ್ಲುವುದರಿಂದ ಕಣ್ಣಿನ ಸುತ್ತ ಒಂದು ಕೃತಕ ದಿಗಂತ ಕಾಣುತ್ತದೆ. ತರ್ಕ ಚೆನ್ನಾಗಿದೆ. ಮಗಳು ಹಾಕಿಕೊಂಡಾಗ ತಡವಾಗಿತ್ತು, ಉಳಿದವರಿಗೆ ಬೇಕಾಗಲಿಲ್ಲ, ಆದ್ದರಿಂದ ಅದಕ್ಕೆ ಅಂಕ ಕೊಡುವುದು ನ್ಯಾಯವಲ್ಲ. ಫೋಟೋಗಳಲ್ಲಿ ಮಾತ್ರ ಬಹಳ ಚೆನ್ನಾಗಿ ಬಂದಿದೆ.

ಹಡಗಿನ ಚಿಕಿತ್ಸಾಲಯಕ್ಕೆ ನನ್ನ ಪೂರ್ಣ ಮೆಚ್ಚುಗೆ ಸಲ್ಲುತ್ತದೆ, ಬಿಲ್ಲಿನ ಮೊತ್ತವನ್ನು ಬಿಟ್ಟು. ಆ ಎರಡನೆಯ ರಾತ್ರಿ ಮಗಳನ್ನು ಕರೆದೊಯ್ದು ಮಧ್ಯರಾತ್ರಿ ಬಾಗಿಲು ತಟ್ಟಿದಾಗ ನರ್ಸ್ ಮೊದಲು ಕೇಳಿದ್ದು ಜ್ವರವಿದೆಯೇ, ಭೇದಿಯಿದೆಯೇ ಎಂದು. ಅವು ಇದ್ದರೆ ಅದು ಅಲೆಯ ಕಾಟವಲ್ಲ, ನೊರೊವೈರಸ್‌ನಂತಹ ಸೋಂಕಾಗಿರಬಹುದು. ಮುಚ್ಚಿದ ಜಾಗದಲ್ಲಿ ಸಾವಿರಾರು ಜನರಿರುವ ಹಡಗಿನಲ್ಲಿ ಅದನ್ನು ಬಚ್ಚಿಡುವುದು ಎಲ್ಲರಿಗೂ ಅಪಾಯ. ಎರಡೂ ಇಲ್ಲವೆಂದು ಖಚಿತವಾದ ಮೇಲೆ ವೈದ್ಯರು ಚುಚ್ಚುಮದ್ದು ಕೊಟ್ಟರು. ಗುಟುಕು ಗುಟುಕಾಗಿ ಓಆರ್‌ಎಸ್ ಕುಡಿಸಿ, ನನ್ನ ಹಾಸಿಗೆಯಲ್ಲಿ, ಕೆಳಗಿನ ಕ್ಯಾಬಿನ್‌ನಲ್ಲಿ ಮಲಗಿಸಿದೆವು. ಬೆಳಿಗ್ಗೆ ಎದ್ದು ಒಂದು ಒಣ ಬಿಸ್ಕತ್ತು ತಿಂದಳು. ಚಾರ್ಲ್ಸ್ ಡಾರ್ವಿನ್ 1831ರಿಂದ 1836ರವರೆಗೆ ಬೀಗಲ್ ಹಡಗಿನಲ್ಲಿ ಸುತ್ತಿದಾಗ ಉದ್ದಕ್ಕೂ ಈ ಬೇನೆ ಅನುಭವಿಸಿದನೆಂದೂ, ಅವನ ಹೊಟ್ಟೆ ತಾಳಿಕೊಂಡದ್ದು ಬಿಸ್ಕತ್ತು ಮತ್ತು ಒಣದ್ರಾಕ್ಷಿ ಮಾತ್ರವೆಂದೂ ಅವಳಿಗೆ ಹೇಳಿ ಸಮಾಧಾನ ಪಡಿಸಲು ನೋಡಿದೆ. ಐದು ವರ್ಷವೇ ಎಂದು ಕೇಳಿ ಮತ್ತೆ ಮುಸುಕು ಹಾಕಿಕೊಂಡಳು. ಹೆಚ್ಚಿನವರಿಗೆ ಎರಡು ಮೂರು ದಿನದಲ್ಲಿ ದೇಹ ಹೊಂದಿಕೊಳ್ಳುತ್ತದೆ, ಅವಳಿಗೂ ನಾಲ್ಕನೆಯ ದಿನದ ಹೊತ್ತಿಗೆ ಹಾಗೆಯೇ ಆಯಿತು.

ಇಷ್ಟೆಲ್ಲದರ ನಡುವೆ ಯಾವ ಮದ್ದೂ ಇಲ್ಲದೆ ಆರಾಮವಾಗಿದ್ದವರು ಅತ್ತೆ. ಎರಡರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳನ್ನು ಈ ಬೇನೆ ಹೆಚ್ಚು ಕಾಡುತ್ತದೆ, ವಯಸ್ಸಾದಂತೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಆದರೂ ಮೊಮ್ಮಗಳು ಬಕೆಟ್ ಹಿಡಿದು ಕೂತಿದ್ದ ಕೋಣೆಯಲ್ಲೇ ಅವರು ಶಾಲು ಹೊದ್ದು ಬಾಲ್ಕನಿಯಲ್ಲಿ ಕೂತು, ದೂರದ ಇನ್ನೊಂದು ಹಡಗಿನ ದೀಪವನ್ನು ದಿಟ್ಟಿಸುತ್ತಾ, ಒಳ್ಳೆ ಗಾಳಿ ಎಂದದ್ದು ನನಗೆ ಮರೆಯದು.

ಮನೆಗೆ ಮರಳಿದ ಮೇಲೆ ಎರಡು ದಿನ ಸ್ನಾನದ ಮನೆಯಲ್ಲಿ ಕಣ್ಣು ಮುಚ್ಚಿದರೆ ನೆಲ ಓಲಾಡಿದಂತಾಗುತ್ತಿತ್ತು. ಅದೂ ಸಾಮಾನ್ಯವೇ, ತಾನಾಗಿ ಹೋಯಿತು. ಮುಂದಿನ ಪ್ರವಾಸಕ್ಕೆ ಮೊನ್ನೆ ಡೆಕ್ಕಿನ ನಕ್ಷೆಯನ್ನು ಮುಂದಿಟ್ಟುಕೊಂಡು, ಈ ಬಾರಿ ಎರಡು ಕ್ಯಾಬಿನ್‌ಗಳನ್ನೂ ಕೆಳಗೆ, ನಡುವೆಯೇ ಗುರುತು ಹಾಕಿದೆ. ಮಗಳು ಕೇಳದೆಯೇ ಮಾತ್ರೆಗೆ ಒಪ್ಪಿದಳು. ಅತ್ತೆ ಮಾತ್ರ ಕನ್ನಡಕ ಏರಿಸಿ ನಕ್ಷೆ ನೋಡಿ, ನೀವೆಲ್ಲ ಕೆಳಗೆ ಇರಿ, ನನಗೆ ಆ ಬಾಲ್ಕನಿಯದ್ದೇ ಇರಲಿ ಎಂದರು.