ಚಿಕ್ಕಪೇಟೆಗೆ ಶನಿವಾರವೋ, ಮಂಗಳವಾರವೋ?

ಸೀರೆ ಕೊಳ್ಳಲು ಚಿಕ್ಕಪೇಟೆಗೆ ಹೊರಟಿದ್ದರೆ ನನ್ನ ಮತ ಮಂಗಳವಾರ ಬೆಳಗಿನ 11 ಗಂಟೆಗೆ. ಅಷ್ಟರಲ್ಲಿ ಕಚೇರಿಯವರ ನೂಕುನುಗ್ಗಲು ಕರಗಿರುತ್ತದೆ. ಶನಿವಾರ ಸಂಜೆಯ ಕಥೆಯೇ ಬೇರೆ. ಮೆಟ್ರೊದ ನೇರಳೆ, ಹಸಿರು ಮಾರ್ಗಗಳು ಕೂಡುವ ಮೆಜೆಸ್ಟಿಕ್‌ನಲ್ಲಿ ಊರಿಗೆ ಹೊರಟವರ ಚೀಲಗಳೂ ಪೇಟೆಗೆ ಹೊರಟ ಕುಟುಂಬಗಳೂ ಒಂದೇ ಎಸ್ಕಲೇಟರಿಗೆ ಮುಗಿಬೀಳುತ್ತವೆ. ಅಲ್ಲಿಂದ ಚಿಕ್ಕಪೇಟೆ ಒಂದೇ ನಿಲ್ದಾಣ. ಆದರೂ ಇಳಿಯುವಾಗ ಚಪ್ಪಲಿ ಕಾಲಲ್ಲಿದ್ದರೆ ಪುಣ್ಯ.

ಅಂಗಡಿಯೊಳಗಂತೂ ವ್ಯತ್ಯಾಸ ಇನ್ನೂ ಢಾಳು. ವಾರದ ನಡುವೆ ಹತ್ತು ಸೀರೆ ಬಿಡಿಸಿ ತೋರಿಸುವವರು, ವಾರಾಂತ್ಯದಲ್ಲಿ ಮೂರನೆಯದಕ್ಕೇ ಮುಂದಿನ ಗಿರಾಕಿಯತ್ತ ತಿರುಗುತ್ತಾರೆ. ಚೌಕಾಸಿಗೆ ಯಾರಿಗೆ ಪುರುಸೊತ್ತು?

ಮಂಗಳವಾರ ರಜೆ ಸಿಗದವರು ಶನಿವಾರವೇ, ಅಂಗಡಿಗಳ ಬಾಗಿಲು ತೆರೆಯುವ ಹೊತ್ತಿಗೇ ಹೋಗಲಿ. ಭಾನುವಾರ ನಂಬಬೇಡಿ, ಹಲವು ಸಗಟು ಅಂಗಡಿಗಳಿಗೆ ಅಂದು ರಜೆ. ಹಬ್ಬದ ಹಿಂದಿನ ವಾರವಾದರೆ ಈ ಲೆಕ್ಕಾಚಾರವೆಲ್ಲ ವ್ಯರ್ಥ.