ಬಿ450 ಅಂತ ಬರೆದಿದ್ದರೆ ಸಾಲದು: ಬೋರ್ಡ್ ಜೊತೆ ಪ್ರೊಸೆಸರ್ ಕೂಡ ಕಳೆದುಕೊಂಡೆ

ಕಳೆದ ವಾರ ಅಕ್ಕನ ಮಗ ಒಂದು ಪಟ್ಟಿ ಕಳಿಸಿದ. ಗೇಮಿಂಗ್ ಪಿಸಿ ಬಿಲ್ಡ್ ಮಾಡಬೇಕಂತೆ, ಓವರ್‌ಕ್ಲಾಕ್ ಕೂಡ, ಅಂದರೆ ಪ್ರೊಸೆಸರನ್ನು ಕಂಪನಿ ಇಟ್ಟ ವೇಗಕ್ಕಿಂತ ಜೋರಾಗಿ ಓಡಿಸುವುದು ಕೂಡ ಮಾಡಬೇಕಂತೆ. ಗ್ರಾಫಿಕ್ಸ್ ಕಾರ್ಡ್‌ಗೆ ಒಳ್ಳೆ ದುಡ್ಡು ಇಟ್ಟಿದ್ದ, ಲಿಕ್ವಿಡ್ ಕೂಲರ್‌ಗೂ ಇಟ್ಟಿದ್ದ. ಮದರ್‌ಬೋರ್ಡ್ ಎದುರಿಗೆ ಅದರ ಚಿಪ್‌ಸೆಟ್, ಅಂದರೆ ಬೋರ್ಡ್‌ನ ಸೌಲಭ್ಯ ತೀರ್ಮಾನಿಸುವ ಚಿಪ್, ಬಿ840 ಅಂತ ಹಾಕಿ, ಪಕ್ಕದಲ್ಲಿ "ಯಾವ ಕಂಪನಿದಾದ್ರೂ ಸರಿ, ಕಮ್ಮಿ ಇರೋದು" ಅಂತ ಬರೆದಿದ್ದ. ಓದಿ ಎದೆ ಧಸಕ್ಕೆಂದಿತು. 2019ರ ಡಿಸೆಂಬರ್‌ನಲ್ಲಿ ನನ್ನ ಪಟ್ಟಿಯೂ ಹೆಚ್ಚುಕಮ್ಮಿ ಹೀಗೇ ಇತ್ತು. ಅವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆಗ ನಾನು ಬಳ್ಳಾರಿಯಿಂದ ರಾತ್ರಿ ಬಸ್ಸಿನಲ್ಲಿ ಹೊರಟು ಬೆಂಗಳೂರಿನ ಕಂಪ್ಯೂಟರ್ ಸಾಮಾನಿನ ಮಾರ್ಕೆಟ್ ಎಸ್‌ಪಿ ರೋಡ್‌ಗೆ ಹೋಗಿದ್ದೆ. ಎಎಂಡಿ ಕಂಪನಿಯ ರೈಜೆನ್ 7 2700 ಪ್ರೊಸೆಸರ್ ತಗೊಂಡೆ. 8 ಕೋರ್, ಕೈಗೆಟುಕುವ ಬೆಲೆ. ಪೆಟ್ಟಿಗೆಯಲ್ಲೇ ಕೂಲರ್ ಬಂದಿದ್ದರೂ 240 ಮಿಲಿಮೀಟರ್‌ನ ಲಿಕ್ವಿಡ್ ಕೂಲರ್ ಬೇರೆ ತಗೊಂಡೆ. ಬೋರ್ಡ್ ಹೊತ್ತಿಗೆ ದುಡ್ಡು ಕರಗಿತ್ತು. ಅಂಗಡಿಯವರು 5,600 ರೂಪಾಯಿಯ ಒಂದು ಬೋರ್ಡ್ ತೋರಿಸಿ, "ಸರ್, ಬಿ450 ಚಿಪ್‌ಸೆಟ್, ಓವರ್‌ಕ್ಲಾಕ್ ಆಗತ್ತೆ, ತಗೊಳ್ಳಿ" ಎಂದರು. ಅವರು ಸುಳ್ಳು ಹೇಳಲಿಲ್ಲ. ಎ320 ಚಿಪ್‌ಸೆಟ್‌ನಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಇಲ್ಲ, ಬಿ450ಯಲ್ಲಿ ಇದೆ. ನನಗೂ ಗೊತ್ತಿದ್ದದ್ದು ಅಷ್ಟೇ. ಗೊತ್ತಿಲ್ಲದೇ ಇದ್ದದ್ದು ಬೇರೆ: ಬಯೋಸ್‌ನಲ್ಲಿ, ಅಂದರೆ ಬೋರ್ಡ್‌ನ ಸೆಟ್ಟಿಂಗ್ಸ್‌ನಲ್ಲಿ, ಆಯ್ಕೆ ಇರುವುದು ಬೇರೆ, ಆ ಭಾರವನ್ನು ಬೋರ್ಡ್ ತಡೆದುಕೊಳ್ಳುವುದು ಬೇರೆ.

ಭಾರ ಅಂದರೆ ಎಷ್ಟು? ಪವರ್ ಸಪ್ಲೈ ಕೊಡುವುದು 12 ವೋಲ್ಟ್. ಪ್ರೊಸೆಸರ್‌ಗೆ ಬೇಕಾದದ್ದು 1.3 ವೋಲ್ಟ್ ಆಸುಪಾಸು. ಇದನ್ನು ಇಳಿಸಿ ಕೊಡುವ ಕೆಲಸ ಸಾಕೆಟ್ ಪಕ್ಕದಲ್ಲಿ, ಮೇಲ್ಗಡೆ ಸಾಲಾಗಿ ಕೂತಿರುವ ಚಿಕ್ಕ ಕಪ್ಪು ಚಿಪ್‌ಗಳದು. ಅವೇ ಮಾಸ್ಫೆಟ್‌ಗಳು. ಕಾಯಿಲ್, ಕೆಪಾಸಿಟರ್ ಎಲ್ಲ ಸೇರಿ ಆ ಭಾಗಕ್ಕೆ ವಿಆರ್‌ಎಂ ಅನ್ನುತ್ತಾರೆ. ನನ್ನ 2700 ಕಂಪನಿ ಲೆಕ್ಕದಲ್ಲಿ 65 ವ್ಯಾಟ್‌ನದು. ಎಲ್ಲ ಕೋರ್‌ಗಳನ್ನೂ 4 ಗಿಗಾಹರ್ಟ್ಸ್‌ಗೆ ಏರಿಸಿ 1.35 ವೋಲ್ಟ್ ಇಟ್ಟಾಗ 140 ವ್ಯಾಟ್‌ವರೆಗೂ ಎಳೆಯುತ್ತಿತ್ತು. ಭಾಗಿಸಿ ನೋಡಿ, 100 ಆಂಪಿಯರ್‌ಗಿಂತ ಜಾಸ್ತಿ. ಮನೆಯ 2,000 ವ್ಯಾಟ್ ಗೀಸರ್ ಎಳೆಯುವುದೇ 9 ಆಂಪಿಯರ್ ಹತ್ತಿರ. ಬೆರಳಿನ ಉಗುರಿನಷ್ಟಿರುವ ಚಿಪ್‌ಗಳ ಮೂಲಕ 100 ಆಂಪಿಯರ್ ಹರಿದರೆ ಕಾವು ಏರದೆ ಇರುತ್ತದಾ? ನನ್ನ ಬೋರ್ಡ್‌ನಲ್ಲಿ ಅವುಗಳ ಮೇಲೆ ಹೀಟ್‌ಸಿಂಕ್ ಅನ್ನುವುದೇ ಇರಲಿಲ್ಲ. ಬರೀ ಚಿಪ್.

ಚಳಿಗಾಲ ಹೇಗೋ ಕಳೆಯಿತು. ಮಾರ್ಚ್ ಕೊನೆಗೆ ಶುರುವಾಯಿತು ತೊಂದರೆ. ಆಟ ಶುರು ಮಾಡಿದ ಇಪ್ಪತ್ತು ನಿಮಿಷಕ್ಕೆ ಎಫ್‌ಪಿಎಸ್ (ಸೆಕೆಂಡಿಗೆ ಪರದೆ ಮೇಲೆ ಬರುವ ಚಿತ್ರಗಳ ಸಂಖ್ಯೆ) 110ರಿಂದ ದಿಢೀರ್ ಅಂತ 30ಕ್ಕೆ ಬೀಳುತ್ತಿತ್ತು. ಅರ್ಧ ನಿಮಿಷ ಬಿಟ್ಟು ಸರಿಯಾಗುತ್ತಿತ್ತು, ಮತ್ತೆ ಬೀಳುತ್ತಿತ್ತು. ಪ್ರೊಸೆಸರ್ ಬಿಸಿ ನೋಡಿದರೆ 66 ಡಿಗ್ರಿ, ಆರಾಮಾಗಿ ಇತ್ತು. ಗ್ರಾಫಿಕ್ಸ್ ಕಾರ್ಡ್ ಮೇಲೆ ಅನುಮಾನ ಬಂತು. ಡ್ರೈವರ್ ಹಾಕಿದೆ, ತೆಗೆದೆ, ವಿಂಡೋಸ್ ಕೂಡ ಹೊಸದಾಗಿ ಹಾಕಿದೆ. ಹತ್ತು ದಿನ ಸುಮ್ನೆ ಹೋಯಿತು. ಕೊನೆಗೆ ಪ್ರೊಸೆಸರ್ ಓಡುವ ವೇಗ (ಕ್ಲಾಕ್) ಗಮನಿಸಿದಾಗ ಗೊತ್ತಾಯಿತು. ಎಫ್‌ಪಿಎಸ್ ಬಿದ್ದಾಗಲೆಲ್ಲ 4 ಗಿಗಾಹರ್ಟ್ಸ್ ಇದ್ದದ್ದು 1.5ಕ್ಕೂ ಕೆಳಗೆ ಇಳಿಯುತ್ತಿತ್ತು. ವಿಆರ್‌ಎಂ ಮಿತಿಮೀರಿ ಕಾದರೆ ವೇಗ ಹೀಗೆ ಇಳಿಯಬಹುದು, ಆದರೆ ಅದರ ಬಿಸಿ ಎಷ್ಟು ಅಂತ ನನಗೆ ತೋರಿಸುವ ಸೆನ್ಸರ್ ಆ ಬೋರ್ಡ್‌ನಲ್ಲಿ ಇರಲೇ ಇಲ್ಲ. ಪಕ್ಕದ ಮನೆಯಲ್ಲಿ ಎಸಿ ರಿಪೇರಿ ಮಾಡುವ ಅಣ್ಣ ಇದ್ದಾರೆ. ಅವರ ಹತ್ತಿರ ಬಿಸಿ ಅಳೆಯುವ ಗನ್ ಇತ್ತು. ಸೈಡ್ ಪ್ಯಾನೆಲ್ ತೆಗೆದು, ಆಟ ಓಡುತ್ತಿರುವಾಗಲೇ ಆ ಚಿಪ್‌ಗಳ ಕಡೆ ಹಿಡಿದೆವು. 112 ಡಿಗ್ರಿ! "ಏನಪ್ಪಾ ಇದು, ನೀರು ಕುದಿಸಬಹುದಲ್ಲಾ" ಎಂದರು ಅಣ್ಣ.

ಲಿಕ್ವಿಡ್ ಕೂಲರ್ ಹಾಕಿ ನಾನೇ ಪರಿಸ್ಥಿತಿ ಕೆಡಿಸಿದ್ದೆ. ಇದನ್ನು ದಯವಿಟ್ಟು ಗಮನಿಸಿ. ಪೆಟ್ಟಿಗೆಯಲ್ಲಿ ಬರುವ ಕೂಲರ್‌ನ ಫ್ಯಾನ್ ಗಾಳಿಯನ್ನು ಬೋರ್ಡ್ ಕಡೆಗೇ ಊದುತ್ತದೆ. ಅದರಲ್ಲಿ ಒಂದಿಷ್ಟು ವಿಆರ್‌ಎಂಗೂ ಸಿಗುತ್ತದೆ. ಅದನ್ನು ತೆಗೆದು, ಲಿಕ್ವಿಡ್ ಕೂಲರ್‌ನ ಫ್ಯಾನ್ ಇರುವ ಭಾಗವಾದ ರೇಡಿಯೇಟರ್ ಅನ್ನು ಕೇಸ್ ಮುಂದೆ ಕೂರಿಸಿದ ಮೇಲೆ ಸಾಕೆಟ್ ಸುತ್ತ ಗಾಳಿಯೇ ಆಡುತ್ತಿರಲಿಲ್ಲ. ಪ್ರೊಸೆಸರ್ ತಂಪು, ಅದಕ್ಕೆ ಅನ್ನ ಹಾಕುವ ಭಾಗ ಬೆಂಕಿ.

ಆಗಲೇ ಓವರ್‌ಕ್ಲಾಕ್ ತೆಗೆದಿದ್ದರೆ ಉಳಿಯುತ್ತಿತ್ತು. ಪ್ಯಾನೆಲ್ ತೆಗೆದು ಟೇಬಲ್ ಫ್ಯಾನ್ ಇಟ್ಟೆ, 90ರ ಹತ್ತಿರ ಬಂತು, ಸಾಕು ಅಂದುಕೊಂಡೆ. ಮೇ ತಿಂಗಳ ಒಂದು ಸಂಜೆ ಫ್ಯಾನ್ ಅಮ್ಮನ ಕೋಣೆಯಲ್ಲಿತ್ತು. ನಾನು ಹಾಗೇ ಆಡಲು ಕೂತೆ. ಟಪ್ ಅಂತ ಒಂದು ಸದ್ದು, ಪರದೆ ಕಪ್ಪು, ಸುಟ್ಟ ವಾಸನೆ. ಒಂದು ಮಾಸ್ಫೆಟ್ ನಡುವೆ ಸೀಳಿ, ಸುತ್ತ ಬೋರ್ಡ್ ಕಂದು ಬಣ್ಣಕ್ಕೆ ತಿರುಗಿತ್ತು. ಮಾಸ್ಫೆಟ್ ಶಾರ್ಟ್ ಆದರೆ 12 ವೋಲ್ಟ್ ನೇರ ಪ್ರೊಸೆಸರ್‌ಗೇ ನುಗ್ಗಬಹುದು. ಗೆಳೆಯನ ಬೋರ್ಡ್‌ಗೆ ಹಾಕಿ ನೋಡಿದೆವು, 2700 ಏಳಲೇ ಇಲ್ಲ. ಸರ್ವಿಸ್ ಸೆಂಟರ್‌ನಲ್ಲಿ ಸುಟ್ಟ ಗುರುತು ನೋಡಿದ ತಕ್ಷಣ ವಾರಂಟಿ ಇಲ್ಲ ಎಂದರು. ಪ್ರೊಸೆಸರ್‌ದೂ ಅಷ್ಟೇ, ಓವರ್‌ಕ್ಲಾಕ್‌ನಿಂದ ಆದ ಹಾನಿಗೆ ಎಎಂಡಿ ವಾರಂಟಿ ಕೊಡುವುದಿಲ್ಲ. ಮೂರು ಸಾವಿರ ಉಳಿಸಲು ಹೋಗಿ ಹತ್ತೊಂಬತ್ತು ಸಾವಿರದ ಹತ್ತಿರ ಹೋಯಿತು. ಅದು ಎರಡು ವರ್ಷ ಕೂಡಿಟ್ಟ ದುಡ್ಡು.

ಈಗ ಕೊಳ್ಳುವವರಿಗೆ ಬಲೆಗಳು ಬೇರೆ ಬಂದಿವೆ. ಅಕ್ಕನ ಮಗ ಹಾಕಿದ್ದ ಬಿ840 ನೋಡಿ. ಬಿ650ಗಿಂತ ಹೊಸದು, ನಂಬರ್ ದೊಡ್ಡದು, ಆದರೆ ಅದರಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಇಲ್ಲ. ರ‍್ಯಾಮ್ ವೇಗ ಮಾತ್ರ ಏರಿಸಬಹುದು. ಎ620ಯಲ್ಲೂ ಪ್ರೊಸೆಸರ್ ಓವರ್‌ಕ್ಲಾಕ್ ಇಲ್ಲ. ಎಎಂಡಿಯಲ್ಲಿ ಓವರ್‌ಕ್ಲಾಕ್ ಬೇಕಿದ್ದರೆ ಬಿ650 ಅಥವಾ ಬಿ850. ಇಂಟೆಲ್ ಆದರೆ ಹೆಸರಿನ ಕೊನೆಗೆ ಕೆ ಇರುವ ಪ್ರೊಸೆಸರ್ ಜೊತೆಗೆ ಝಡ್ ಚಿಪ್‌ಸೆಟ್ ಬೋರ್ಡೇ ಬೇಕು. ಬಿ760 ತಗೊಂಡು ಕೆ ಹಾಕಿದರೆ ಪ್ರೊಸೆಸರ್ ಓವರ್‌ಕ್ಲಾಕ್ ಆಗುವುದಿಲ್ಲ, ಅದಕ್ಕೇ ಅಂತ ಕೊಟ್ಟ ಹೆಚ್ಚಿನ ದುಡ್ಡು ದಂಡ.

ಚಿಪ್‌ಸೆಟ್ ಸರಿ ಇದ್ದರೂ ಅಲ್ಲಿಗೆ ನಿಲ್ಲಬೇಡಿ. ಪೆಟ್ಟಿಗೆ ಮೇಲಿನ ಫೇಸ್ (ವಿಆರ್‌ಎಂನಲ್ಲಿ ಕರೆಂಟಿನ ಭಾರ ಹಂಚಿಕೊಳ್ಳುವ ಘಟಕ) ಸಂಖ್ಯೆ ನಂಬಬೇಡಿ, 4 ಫೇಸನ್ನೇ ಜೋಡಿ ಮಾಡಿ 8 ಅಂತ ಎಣಿಸುವುದುಂಟು. ವಿಆರ್‌ಎಂ ಮೇಲೆ ಗಟ್ಟಿ ಹೀಟ್‌ಸಿಂಕ್ ಇದೆಯಾ, ಎಡಗಡೆ ಮಾತ್ರ ಇದ್ದು ಮೇಲಿನ ಸಾಲು ಖಾಲಿ ಬಿಟ್ಟಿದ್ದಾರಾ ನೋಡಿ. ಪ್ರೊಸೆಸರ್ ಪವರ್‌ಗೆ 8 ಪಿನ್ ಇರಲಿ, ನನ್ನದರಲ್ಲಿ 4 ಪಿನ್ ಇತ್ತು. ನಿಮ್ಮ ಪ್ರೊಸೆಸರ್‌ನಷ್ಟೇ ವ್ಯಾಟ್ ಎಳೆಸಿ ಅರ್ಧ ಗಂಟೆಯಾದರೂ ಓಡಿಸಿ, ವಿಆರ್‌ಎಂ ಬಿಸಿ ಅಳೆದ ರಿವ್ಯೂ ಹುಡುಕಿ. ಹೊರಗಿನವರು 20 ಡಿಗ್ರಿ ಕೋಣೆಯಲ್ಲಿ ಅಳೆದಿದ್ದರೆ, ನಮ್ಮ ಬಳ್ಳಾರಿ, ಕಲಬುರಗಿ, ರಾಯಚೂರಿನ ಬೇಸಿಗೆಗೆ ಇನ್ನೊಂದು 20 ಸೇರಿಸಿ ಲೆಕ್ಕ ಹಾಕಿ.

ದುಡ್ಡು ಸಾಲದಿದ್ದರೆ ಓವರ್‌ಕ್ಲಾಕ್ ಆಸೆ ಬಿಟ್ಟುಬಿಡಿ. ಈಗಿನ ಪ್ರೊಸೆಸರ್‌ಗಳು ತಾವಾಗಿಯೇ ಮಿತಿಯ ಹತ್ತಿರ ಓಡುತ್ತವೆ, ಆಟದಲ್ಲಿ ಕೈಯಾರೆ ಗಳಿಸುವುದು ತೀರಾ ಕಮ್ಮಿ. ನಾನು 2022ರಲ್ಲಿ ರೈಜೆನ್ 5 5600, ದಪ್ಪ ಹೀಟ್‌ಸಿಂಕ್ ಇರುವ ಬಿ550 ಬೋರ್ಡ್, ಸಾದಾ ಏರ್ ಕೂಲರ್ ತಗೊಂಡೆ. ಅದೇ ಕೋಣೆ, ಅದೇ ಬೇಸಿಗೆ. ಇದರಲ್ಲಿ ಸೆನ್ಸರ್ ಇದೆ, 75 ದಾಟಿದ್ದನ್ನು ನೋಡಿಲ್ಲ.

ಅಕ್ಕನ ಮಗ ಲಿಕ್ವಿಡ್ ಕೂಲರ್ ತೆಗೆದು ಆ ದುಡ್ಡನ್ನು ಬೋರ್ಡ್‌ಗೆ ಸೇರಿಸಿದ್ದಾನೆ. ಶನಿವಾರ ಎಸ್‌ಪಿ ರೋಡ್‌ಗೆ ಹೋಗುತ್ತಾನೆ. ದುಡ್ಡು ಕೊಡುವ ಮುಂಚೆ ಪೆಟ್ಟಿಗೆ ತೆಗೆಸಿ, ಸಾಕೆಟ್ ಸುತ್ತ ಹತ್ತಿರದಿಂದ ಒಂದು ಫೋಟೋ ತೆಗೆದು ಕಳಿಸು ಅಂದಿದ್ದೇನೆ.